ಮೂರು ರಾತ್ರಿಯ ಟೆಂಟ್ ವಾಸ: ಸ್ಟೇಟ್ ಪಾರ್ಕಿಗೆ ಹೊರಟ ದಂಪತಿಗೆ ಹಂತ ಹಂತದ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಪರಿಚಿತರಲ್ಲಿ ಪ್ರತಿ ವರ್ಷ ಒಂದೆರಡು ಜೋಡಿಗಳಾದರೂ ಮೊದಲ ಬಾರಿಗೆ ಕ್ಯಾಂಪಿಂಗ್‌ಗೆ ಹೊರಡುತ್ತಾರೆ. ಮೇ ಕೊನೆಯ ಮೆಮೋರಿಯಲ್ ಡೇ ಅಥವಾ ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಗೆ ಮೂರು ರಾತ್ರಿಗೆಂದು ಹೋದವರು ಒಂದೇ ರಾತ್ರಿಗೆ ಮನೆಗೆ ಮರಳುತ್ತಾರೆ. ಏನಾಯಿತೆಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಕತ್ತಲಾದ ಮೇಲೆ ತಲುಪಿದೆವು, ಟೆಂಟ್ ನಿಲ್ಲಿಸಲು ತಿಳಿಯಲಿಲ್ಲ, ಬೆಂಕಿ ಹತ್ತಲಿಲ್ಲ, ರಾತ್ರಿಯಿಡೀ ನಡುಗಿದೆವು. ಇವರಲ್ಲಿ ಹೆಚ್ಚಿನವರ ಬಳಿ ಬೇಕಾದ ಸಾಮಾನೆಲ್ಲ ಇತ್ತು. ತಪ್ಪಿದ್ದು ಕೆಲಸಗಳ ಸರದಿ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಉದಾಹರಣೆಗೆ ಕ್ಯಾಲವೆರಸ್ ಬಿಗ್ ಟ್ರೀಸ್ ಸ್ಟೇಟ್ ಪಾರ್ಕನ್ನು ಇಟ್ಟುಕೊಂಡಿದ್ದೇನೆ. ಅದು ಸಿಯೆರಾ ನೆವಾಡ ಬೆಟ್ಟಸಾಲಿನ ಪಶ್ಚಿಮದ ಇಳಿಜಾರಿನಲ್ಲಿ, ಆರ್ನಾಲ್ಡ್ ಎಂಬ ಊರಿನಿಂದ ನಾಲ್ಕು ಮೈಲಿ ಮುಂದೆ, ಸುಮಾರು 4,700 ಅಡಿ ಎತ್ತರದಲ್ಲಿದೆ. ದೈತ್ಯ ಸಿಕ್ವೋಯ ಮರಗಳಿವೆ, ಕರಡಿಗಳಿವೆ, ರಾತ್ರಿ ಚಳಿಯಿದೆ. ಇಲ್ಲಿ ಕಲಿತದ್ದು ಬೇರೆ ಪಾರ್ಕುಗಳಲ್ಲೂ ನಡೆಯುತ್ತದೆ.

ಹಂತ 1: ಆರು ತಿಂಗಳ ಮೊದಲು ಜಾಗ ಹಿಡಿಯುವುದು

ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳ ಬುಕಿಂಗ್ ‘ರಿಸರ್ವ್ ಕ್ಯಾಲಿಫೋರ್ನಿಯಾ’ ತಾಣದಲ್ಲಿ ಆಗುತ್ತದೆ. ತಲುಪುವ ದಿನಕ್ಕೆ ಸರಿಯಾಗಿ ಆರು ತಿಂಗಳ ಮೊದಲು, ಬೆಳಿಗ್ಗೆ 8 ಗಂಟೆಗೆ ಆ ದಿನಾಂಕ ತೆರೆಯುತ್ತದೆ. ಮೇ 22ರ ರಾತ್ರಿ ಬೇಕಿದ್ದರೆ ನವೆಂಬರ್ 22ರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕುಳಿತಿರಬೇಕು. ದೀರ್ಘ ವಾರಾಂತ್ಯದ ಒಳ್ಳೆಯ ಜಾಗಗಳು ಕೆಲವೇ ನಿಮಿಷಗಳಲ್ಲಿ ಹೋಗುತ್ತವೆ. ಹಿಂದಿನ ರಾತ್ರಿಯೇ ಖಾತೆ ತೆರೆದು, ಲಾಗಿನ್ ಆಗಿ, ನಕ್ಷೆ ನೋಡಿ ನಾಲ್ಕೈದು ಜಾಗಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ಗಂಡ ಒಂದು ಕಂಪ್ಯೂಟರಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಪ್ರಯತ್ನಿಸಿದರೆ ಸಿಗುವ ಸಾಧ್ಯತೆ ಹೆಚ್ಚು.

ನಕ್ಷೆಯಲ್ಲಿ ಮೂರು ವಿಷಯ ನೋಡಿ. ಶೌಚಾಲಯದ ಎದುರಿನ ಜಾಗ ಬೇಡ, ರಾತ್ರಿಯಿಡೀ ದೀಪ, ಬಾಗಿಲಿನ ಸದ್ದು. ತೀರಾ ದೂರದ್ದೂ ಬೇಡ, ಚಳಿಯ ನಡುರಾತ್ರಿಯಲ್ಲಿ ಎದ್ದು ನಡೆಯಬೇಕಾಗುತ್ತದೆ. ನಾಲ್ಕೈದು ಜಾಗ ಆಚೆಗಿನದು ಸರಿಯಾದ ದೂರ. ಕ್ಯಾಲವೆರಸ್‌ನಲ್ಲಿ ಎರಡು ಶಿಬಿರತಾಣಗಳಿವೆ: ನಾರ್ತ್ ಗ್ರೋವ್ ಪ್ರವೇಶದ್ವಾರದ ಪಕ್ಕದಲ್ಲೇ ಇದೆ, ಓಕ್ ಹಾಲೋ ಕೆಲವು ಮೈಲಿ ಒಳಗಿದೆ. ಮೊದಲ ಸಲ ಹೋಗುವವರಿಗೆ ನಾರ್ತ್ ಗ್ರೋವ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಏನಾದರೂ ಮರೆತಿದ್ದರೆ ಆರ್ನಾಲ್ಡ್ ಹತ್ತೇ ನಿಮಿಷದ ದಾರಿ.

ಜಾಗ ಸಿಗದಿದ್ದರೆ ಕೈಬಿಡಬೇಡಿ. ರಜೆ ಹತ್ತಿರವಾದಂತೆ ಹಲವರು ರದ್ದು ಮಾಡುತ್ತಾರೆ. ಕೊನೆಯ ಎರಡು ವಾರ ದಿನಕ್ಕೆರಡು ಬಾರಿ ನೋಡುತ್ತಿರಿ.

ಹಂತ 2: ಸಾಮಾನು, ಅದರಲ್ಲೂ ಮೊದಲು ಹಾಸಿಗೆ

ಅಂಗಡಿಗೆ ಹೋದವರು ದೊಡ್ಡ ಟೆಂಟಿಗೆ, ಮಡಚುವ ಕುರ್ಚಿಗೆ, ಚಂದದ ಲಾಟೀನಿಗೆ ಹಣ ಸುರಿದು, ಕೊನೆಯಲ್ಲಿ ಅಗ್ಗದ ಗಾಳಿಹಾಸಿಗೆ ತರುತ್ತಾರೆ. ಅತಿ ಹೆಚ್ಚು ಜನ ಸೋಲುವುದು ಇಲ್ಲಿಯೇ. ಒಂದಡಿ ದಪ್ಪದ ಆ ಹಾಸಿಗೆಯೊಳಗೆ ಇರುವುದು ಬರಿಯ ಗಾಳಿ. ರಾತ್ರಿಯ ನೆಲ ಆ ಗಾಳಿಯನ್ನು ತಣ್ಣಗಾಗಿಸುತ್ತದೆ, ಗಾಳಿ ನಿಮ್ಮ ಬೆನ್ನನ್ನು ತಣ್ಣಗಾಗಿಸುತ್ತದೆ. ಮೇಲೆ ಎಷ್ಟು ಹೊದಿಕೆ ಹೊದ್ದರೂ ಕೆಳಗಿನಿಂದ ಚಳಿ ಹತ್ತುತ್ತಲೇ ಇರುತ್ತದೆ. ನಮ್ಮ ಮೊದಲ ಪ್ರವಾಸದಲ್ಲಿ ನಾವಿಬ್ಬರೂ ಬೆಳಗಿನ ಮೂರು ಗಂಟೆಗೆ ಎದ್ದು ಕಾರಿನಲ್ಲಿ ಕುಳಿತದ್ದು ಇದೇ ಕಾರಣಕ್ಕೆ. ಆ ರಾತ್ರಿ ಇನ್ನೊಬ್ಬರಿಗೆ ಬರಬಾರದು.

ಕ್ಯಾಂಪಿಂಗ್‌ಗೆಂದೇ ಮಾಡಿದ ಶಾಖ ತಡೆಯುವ ಪ್ಯಾಡ್ ಕೊಳ್ಳಿ. ಅದರ ಮೇಲೆ ‘ಆರ್-ವ್ಯಾಲ್ಯೂ’ ಎಂಬ ಅಂಕಿ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ನೆಲದ ಚಳಿ ಕಡಿಮೆ. ಈ ಎತ್ತರಕ್ಕೆ 4 ಅಥವಾ ಅದಕ್ಕಿಂತ ಹೆಚ್ಚಿನದು ಇರಲಿ. ಗಾಳಿಹಾಸಿಗೆ ಈಗಾಗಲೇ ಕೊಂಡಿದ್ದರೆ ಅದರ ಮೇಲೆ ಒಂದು ಫೋಮ್ ಹಾಳೆ ಹಾಸಿ. ಊರಿನಿಂದ ತಂದ ಕುರಿಯುಣ್ಣೆಯ ಕಂಬಳಿ ಮನೆಯಲ್ಲಿದ್ದರೆ ಅದನ್ನೂ ಒಯ್ಯಿರಿ. ಆದರೆ ಅದನ್ನು ಹೊದೆಯುವ ಬದಲು ಬೆನ್ನಡಿಗೆ ಹಾಸಿಕೊಳ್ಳಿ, ಅಲ್ಲಿ ಅದರ ಉಪಯೋಗ ಹೆಚ್ಚು.

ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದಿರುವ ತಾಪಮಾನವನ್ನು ಎಚ್ಚರದಿಂದ ಓದಿ. ಹಲವು ಬ್ಯಾಗುಗಳಲ್ಲಿ ದೊಡ್ಡದಾಗಿ ಕಾಣುವ ಅಂಕಿ ‘ಲೋವರ್ ಲಿಮಿಟ್’, ಅಂದರೆ ಮುದುಡಿ ಮಲಗಿ ಹೇಗೋ ತಡೆದುಕೊಳ್ಳಬಹುದಾದ ಮಿತಿ. ನಿಮಗೆ ಬೇಕಾದದ್ದು ‘ಕಂಫರ್ಟ್’ ಅಂಕಿ. ಇಲ್ಲಿ ಮೇ ಕೊನೆಯಲ್ಲೂ ರಾತ್ರಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯಬಹುದು. ಕಂಫರ್ಟ್ ಅಂಕಿ ಅದಕ್ಕಿಂತ ಕೆಳಗಿರಲಿ. ಇಬ್ಬರಲ್ಲಿ ಯಾರಿಗೆ ಚಳಿ ಹೆಚ್ಚೋ ಅವರಿಗೆ ಸಾಕಾಗುವಂತೆ ಎರಡೂ ಬ್ಯಾಗುಗಳನ್ನು ಕೊಳ್ಳಿ.

ಉಳಿದ ಸಾಮಾನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ‘ಇಬ್ಬರ ಟೆಂಟ್’ ಎಂದು ಬರೆದದ್ದರಲ್ಲಿ ಇಬ್ಬರು ಮಗ್ಗುಲು ಬದಲಿಸಲಾರರು, ನಾಲ್ವರದ್ದನ್ನು ತನ್ನಿ. ತಲೆಗೆ ಕಟ್ಟುವ ದೀಪ ಒಬ್ಬೊಬ್ಬರಿಗೆ ಒಂದೊಂದು ಬೇಕೇ ಬೇಕು. ಒಂದೇ ದೀಪವಿದ್ದರೆ ಒಬ್ಬರು ಶೌಚಾಲಯಕ್ಕೆ ಹೋದಾಗ ಇನ್ನೊಬ್ಬರು ಕತ್ತಲಲ್ಲಿ ಕೂರಬೇಕು. ಗೂಟ ಹೊಡೆಯಲು ಸುತ್ತಿಗೆ, ಎರಡು ಬರ್ನರಿನ ಪ್ರೊಪೇನ್ ಒಲೆ, ಲೈಟರ್ ಜೊತೆಗೆ ಬೆಂಕಿಪೊಟ್ಟಣ, ನಲ್ಲಿಯಿರುವ ನೀರಿನ ಕ್ಯಾನ್, ಬಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸೊಳ್ಳೆಗೆ ಹಚ್ಚುವ ಔಷಧ ಇರಲಿ. ಹಲವು ಸ್ಟೇಟ್ ಪಾರ್ಕುಗಳಲ್ಲಿ ಬಿಸಿನೀರಿನ ಸ್ನಾನಕ್ಕೆ 25 ಸೆಂಟಿನ ನಾಣ್ಯ ಬೇಕು, ಒಂದು ಹಿಡಿ ಇಟ್ಟುಕೊಂಡಿರಿ.

ಹಂತ 3: ಮನೆಯಲ್ಲೇ ಒಂದು ತಾಲೀಮು

ಹೊರಡುವ ಹಿಂದಿನ ವಾರ ಟೆಂಟನ್ನು ಹಿತ್ತಲಲ್ಲೋ ಹತ್ತಿರದ ಉದ್ಯಾನದಲ್ಲೋ ಒಮ್ಮೆ ನಿಲ್ಲಿಸಿ, ಬಿಚ್ಚಿ, ಚೀಲಕ್ಕೆ ತುಂಬಿ. ಅಪಾರ್ಟ್‌ಮೆಂಟಿನವರು ಮಂಚ ಸರಿಸಿ ಹಜಾರದಲ್ಲಾದರೂ ಮಾಡಿ ನೋಡಿ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯುವ ಕೆಲಸ ಎರಡನೆಯ ಸಲ ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ಕೋಲು ಮುರಿದಿದ್ದರೆ, ಗೂಟ ಕಡಿಮೆಯಿದ್ದರೆ ಈಗಲೇ ತಿಳಿಯುತ್ತದೆ.

ಒಲೆಯನ್ನೂ ಹೊರಗಿಟ್ಟು ಒಮ್ಮೆ ಹೊತ್ತಿಸಿ. ಸಿಲಿಂಡರ್ ತಿರುಗಿಸಿ ಕೂರಿಸಿದ ಮೇಲೆ ಜೋಡಣೆಯ ಜಾಗಕ್ಕೆ ಸಾಬೂನು ನೀರು ಹಚ್ಚಿ. ಗುಳ್ಳೆ ಬಂದರೆ ಅನಿಲ ಸೋರುತ್ತಿದೆ, ಆ ಒಲೆ ಒಯ್ಯಬೇಡಿ.

ಹಂತ 4: ಅಡುಗೆಯ ಮುಕ್ಕಾಲು ಪಾಲು ಮನೆಯಲ್ಲೇ ಮುಗಿಸುವುದು

ಕಾಡಿನಲ್ಲಿ ಈರುಳ್ಳಿ ಹೆಚ್ಚುತ್ತಾ ಸಂಜೆ ಕಳೆಯಬೇಡಿ. ರವೆ ಹುರಿದು, ಒಗ್ಗರಣೆ ಬೆರೆಸಿ ಆರಿಸಿ ಡಬ್ಬಿಗೆ ತುಂಬಿದರೆ, ಬೆಳಿಗ್ಗೆ ಕುದಿಯುವ ನೀರಿಗೆ ಸುರಿದು ಹತ್ತು ನಿಮಿಷದಲ್ಲಿ ಉಪ್ಪಿಟ್ಟು. ಗೊಜ್ಜವಲಕ್ಕಿಗೆ ಒಲೆಯೇ ಬೇಡ. ಮೊದಲ ರಾತ್ರಿಗೆ ಚಪಾತಿ, ಒಣ ಪಲ್ಯ, ಚಟ್ನಿಪುಡಿ ಸಾಕು, ದಣಿದು ಬಂದ ಸಂಜೆ ಅಡುಗೆಗೆ ಇಳಿಯಬೇಡಿ. ಎರಡನೆಯ ರಾತ್ರಿಗೆ ಬಿಸಿಬೇಳೆಬಾತ್ ಮಾಡಿ, ಗಟ್ಟಿ ಡಬ್ಬಿಯಲ್ಲಿ ಕಲ್ಲಾಗುವಂತೆ ಫ್ರೀಜ್ ಮಾಡಿಟ್ಟರೆ ಕೂಲರಿನಲ್ಲಿ ಅದೇ ಮಂಜುಗಡ್ಡೆಯ ಕೆಲಸ ಮಾಡುತ್ತದೆ.

4,700 ಅಡಿಯಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೊರಟರೆ ಸಿಲಿಂಡರ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಅನ್ನ, ಬೇಳೆ ಬೇಕೇ ಬೇಕೆನ್ನುವವರು ಎರಡು ಲೀಟರಿನ ಕುಕ್ಕರ್ ಒಯ್ಯಿರಿ. ಒಂದು ಪೌಂಡಿನ ಪ್ರೊಪೇನ್ ಸಿಲಿಂಡರ್ ಎರಡೂ ಬರ್ನರುಗಳನ್ನು ಜೋರಾಗಿ ಉರಿಸಿದರೆ ಸುಮಾರು ಒಂದು ಗಂಟೆ ಬರುತ್ತದೆ. ಮೂರು ರಾತ್ರಿಗೆ ಎರಡು ಸಿಲಿಂಡರ್ ಇರಲಿ, ಒಂದು ಹೆಚ್ಚಿಗೆ ಇದ್ದರೆ ನೆಮ್ಮದಿ.

ಕೂಲರನ್ನು ಹಿಂದಿನ ರಾತ್ರಿಯೇ ಐಸ್ ಹಾಕಿ ತಣಿಸಿ. ಪುಡಿ ಐಸಿಗಿಂತ ದೊಡ್ಡ ಗಡ್ಡೆ ಹೆಚ್ಚು ದಿನ ಬಾಳುತ್ತದೆ. ಒಳಗಿನ ತಾಪ 4 ಡಿಗ್ರಿ ದಾಟಬಾರದು. ಮೊಸರು ಉಕ್ಕಿ ಹುಳಿವಾಸನೆ ಬಂದರೆ, ಹಾಲಿನ ಡಬ್ಬಿ ಊದಿಕೊಂಡರೆ ಚೆಲ್ಲಿಬಿಡಿ.

ಹಂತ 5: ಕಾರಿಗೆ ತುಂಬುವ ಕ್ರಮ, ಹೊರಡುವ ಹೊತ್ತು

ಮೊದಲು ಬೇಕಾದದ್ದನ್ನು ಕೊನೆಗೆ ತುಂಬಿ. ಡಿಕ್ಕಿ ತೆರೆದ ಕೂಡಲೇ ಕೈಗೆ ಸಿಗಬೇಕಾದವು ಟೆಂಟ್, ಸುತ್ತಿಗೆ, ಟೆಂಟಿನಡಿ ಹಾಸುವ ನೆಲಹಾಳೆ, ತಲೆದೀಪ, ಬೆಚ್ಚನೆಯ ಜಾಕೆಟ್. ಒಲೆ ಮತ್ತು ಪಾತ್ರೆ ಅವುಗಳ ಹಿಂದೆ. ಬಟ್ಟೆ ಎಲ್ಲಕ್ಕಿಂತ ಒಳಗೆ.

ಸ್ಯಾನ್ ಹೋಸೆ ಕಡೆಯಿಂದ ಹೊರಡುವವರಿಗೆ ದಾರಿ ಸುಮಾರು ಮೂರು ಗಂಟೆಯದು. ಆದರೆ ರಜೆಯ ಶುಕ್ರವಾರ ಮಧ್ಯಾಹ್ನದ ನಂತರ ಲಿವರ್‌ಮೋರ್ ದಾಟಿ ಆಲ್ಟಮಾಂಟ್ ಕಣಿವೆಯ ಹೆದ್ದಾರಿ 580ರಲ್ಲಿ ವಾಹನಗಳು ತೆವಳುತ್ತವೆ. ಕಚೇರಿ ಮುಗಿಸಿ ಸಂಜೆ ನಾಲ್ಕಕ್ಕೆ ಹೊರಟವರು ತಲುಪುವುದು ಕತ್ತಲಲ್ಲಿ. ಬೆಳಿಗ್ಗೆ ಹತ್ತರೊಳಗೆ ಹೊರಡಿ. ರಜೆ ಸಿಗದಿದ್ದರೆ ಶನಿವಾರ ನಸುಕಿಗೆ ಹೊರಡಿ. ಒಂದು ರಾತ್ರಿ ಕಳೆದುಕೊಂಡರೂ ಅದೇ ಒಳ್ಳೆಯದು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಆರ್ನಾಲ್ಡಿನಲ್ಲಿ ಪೆಟ್ರೋಲ್ ತುಂಬಿಸಿ, ಐಸ್ ಮತ್ತು ಸೌದೆ ಕೊಳ್ಳಿ. ಮನೆಯಿಂದ ಸೌದೆ ಒಯ್ಯಬೇಡಿ, ಮರ ಕೊಲ್ಲುವ ಹುಳುಗಳು ಅದರೊಳಗೆ ಕುಳಿತು ಹೊಸ ಕಾಡು ಸೇರುತ್ತವೆ. ಪಾರ್ಕಿನೊಳಗೆ ಬಿದ್ದ ಕಟ್ಟಿಗೆ ಆರಿಸುವುದಕ್ಕೂ ಅನುಮತಿಯಿಲ್ಲ.

ಇನ್ನೊಂದು ಕೆಲಸ ಇಲ್ಲಿಯೇ ಮುಗಿಸಿ. ಪಾರ್ಕಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕರೆ ಮಾಡಿ, ಸೋಮವಾರದವರೆಗೆ ಫೋನ್ ಸಿಗದಿರಬಹುದು, ಗಾಬರಿಯಾಗಬೇಡಿ ಎಂದು ತಿಳಿಸಿ. ಹತ್ತಿರದ ಒಬ್ಬ ಸ್ನೇಹಿತರಿಗೆ ಪಾರ್ಕಿನ ಹೆಸರು, ಜಾಗದ ಸಂಖ್ಯೆ, ಮರಳುವ ದಿನ ಬರೆದು ಕಳಿಸಿ.

ಹಂತ 6: ತಲುಪಿದ ಮೊದಲ ಒಂದೂವರೆ ಗಂಟೆ

ಪ್ರವೇಶ ಸಾಮಾನ್ಯವಾಗಿ ಮಧ್ಯಾಹ್ನ 2 ಗಂಟೆಯಿಂದ. ಮೇ ಕೊನೆಯಲ್ಲಿ ಸೂರ್ಯ ಎಂಟು ಕಾಲರ ಸುಮಾರಿಗೆ ಮುಳುಗುತ್ತಾನೆ, ಲೇಬರ್ ಡೇ ಹೊತ್ತಿಗೆ ಏಳೂವರೆಗೇ. ಎತ್ತರದ ಮರಗಳ ಕೆಳಗೆ ಕತ್ತಲು ಇನ್ನೂ ಮುಂಚೆ ಬರುತ್ತದೆ. ದ್ವಾರದಲ್ಲಿ ಎರಡು ಪ್ರಶ್ನೆ ಕೇಳಿ: ಸೌದೆ ಬೆಂಕಿಗೆ ಇಂದು ಅನುಮತಿಯಿದೆಯೇ? ಯಾವ ಕಾಲುದಾರಿಗಳು ಮುಚ್ಚಿವೆ?

ನಿಮ್ಮ ಜಾಗಕ್ಕೆ ಬಂದ ಮೇಲೆ ಮೊದಲು ತಲೆಯೆತ್ತಿ ನೋಡಿ. ಒಣಗಿದ ಕೊಂಬೆ ತೂಗುತ್ತಿದ್ದರೆ, ಮುರಿದ ಕೊಂಬೆ ಇನ್ನೊಂದರ ಮೇಲೆ ಸಿಕ್ಕಿಕೊಂಡಿದ್ದರೆ ಅದರ ಕೆಳಗೆ ಟೆಂಟ್ ಬೇಡ. ಆಮೇಲೆ ನೆಲ ನೋಡಿ. ಬಟ್ಟಲಿನಂತೆ ತಗ್ಗಿರುವ ಜಾಗ ಮಳೆ ಬಂದರೆ ಕೆರೆಯಾಗುತ್ತದೆ. ಸ್ವಲ್ಪ ಎತ್ತರದ, ಸಮತಟ್ಟಾದ ಜಾಗ ಆರಿಸಿ, ಕಲ್ಲು, ಪೈನ್ ಕಾಯಿಗಳನ್ನು ಸರಿಸಿ, ಅಲ್ಲಿ ಒಮ್ಮೆ ಅಂಗಾತ ಮಲಗಿ ನೋಡಿ. ಇಳಿಜಾರು ಇದ್ದರೆ ತಲೆ ಎತ್ತರದ ಕಡೆಗಿರಲಿ. ಬೆಂಕಿಯ ಕುಂಡದಿಂದ ಕನಿಷ್ಠ 15 ಅಡಿ ದೂರವಿರಲಿ.

ಈಗ ಕೆಲಸ ಹಂಚಿಕೊಳ್ಳಿ. ಇಬ್ಬರೂ ಒಂದೇ ಕೋಲಿಗೆ ಕೈಹಾಕಿದಾಗ ಮಾತು ಬೆಳೆಯುವುದನ್ನು ಬಹಳ ನೋಡಿದ್ದೇನೆ. ಕಾರು ಓಡಿಸಿದವರು ದಣಿದಿರುತ್ತಾರೆ, ಅವರು ಆಹಾರವನ್ನೆಲ್ಲ ಕರಡಿ ಪೆಟ್ಟಿಗೆಗೆ (ಕರಡಿಯ ಕೈಗೆ ಆಹಾರ ಸಿಗದಂತೆ ಇಡುವ ಪೆಟ್ಟಿಗೆ) ಸಾಗಿಸಲಿ. ಇನ್ನೊಬ್ಬರು ನೆಲಹಾಳೆ ಹಾಸಿ ಟೆಂಟಿಗೆ ತೊಡಗಲಿ. ಕೋಲು ಎತ್ತುವಾಗ ಮಾತ್ರ ಇಬ್ಬರೂ ಬೇಕು.

ನೆಲಹಾಳೆ ಟೆಂಟಿನ ಅಂಚಿನಿಂದ ಹೊರಗೆ ಚಾಚಬಾರದು. ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಹಾಸಿಗೆಯಡಿಗೆ ಹರಿಯುತ್ತದೆ. ಹೆಚ್ಚಾದ ಅಂಚನ್ನು ಒಳಕ್ಕೆ ಮಡಚಿ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲುವಂತೆ ಓರೆಯಾಗಿ ಹೊಡೆಯಿರಿ. ಆಕಾಶ ನೀಲಿಯಾಗಿದ್ದರೂ ಟೆಂಟಿನ ಮೇಲೆ ಮಳೆಹೊದಿಕೆ ಹಾಕಿ. ಟೆಂಟ್ ನಿಂತ ಕೂಡಲೇ ಪ್ಯಾಡ್ ಬಿಡಿಸಿ, ಸ್ಲೀಪಿಂಗ್ ಬ್ಯಾಗುಗಳನ್ನು ಕೊಡವಿ ಹರಡಿ. ಗಂಟೆಗಟ್ಟಲೆ ಒತ್ತಿ ತುಂಬಿದ ಬ್ಯಾಗ್ ಉಬ್ಬಿಕೊಳ್ಳಲು ಹೊತ್ತು ಬೇಕು, ಉಬ್ಬಿದರೆ ಮಾತ್ರ ಬೆಚ್ಚಗಿರುತ್ತದೆ.

ಬೆಳಕಿರುವಾಗಲೇ ಇಬ್ಬರೂ ಶೌಚಾಲಯದ ದಾರಿ ನಡೆದು ಬನ್ನಿ. ಇಷ್ಟೂ ಆದ ಮೇಲೆ ಚಹಾ.

ಹಂತ 7: ಕರಡಿ ಪೆಟ್ಟಿಗೆ

ಪ್ರತಿ ಜಾಗದಲ್ಲೂ ಲೋಹದ ಭದ್ರ ಪೆಟ್ಟಿಗೆ ಇರುತ್ತದೆ. ಇಲ್ಲಿಯ ಕಪ್ಪು ಕರಡಿಗೆ ವಾಸನೆಯೇ ದಾರಿ. ಕಾರಿನ ಬಾಗಿಲನ್ನು ಬಗ್ಗಿಸಿ ತೆಗೆಯಬಲ್ಲ ಪ್ರಾಣಿ ಅದು, ಆದ್ದರಿಂದ ಡಿಕ್ಕಿಯಲ್ಲಿಟ್ಟರೆ ಆಯಿತು ಎಂದುಕೊಳ್ಳಬೇಡಿ.

ಜನ ಅಕ್ಕಿ, ತರಕಾರಿ, ಕೂಲರನ್ನು ನೆನಪಿನಿಂದ ಒಳಗಿಡುತ್ತಾರೆ. ಮರೆಯುವುದು ಬೇರೆಯವನ್ನು: ಟೂತ್‌ಪೇಸ್ಟ್, ಸಾಬೂನು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ತುಟಿಗೆ ಹಚ್ಚುವ ಮುಲಾಮು, ಕೈಚೀಲದಲ್ಲಿ ಉಳಿದ ಏಲಕ್ಕಿ ಮತ್ತು ಚೂಯಿಂಗ್ ಗಮ್, ಕಾರಿನ ಸೀಟಿನಡಿ ಬಿದ್ದ ಚಕ್ಕುಲಿ ಚೂರು, ಖಾಲಿ ಜ್ಯೂಸ್ ಡಬ್ಬಿ, ಸಾಂಬಾರಿನ ಕಲೆಯಾದ ಒರೆಸುವ ಬಟ್ಟೆ. ಇವೆಲ್ಲ ಪೆಟ್ಟಿಗೆಗೆ ಸೇರಬೇಕು. ಟೆಂಟಿನೊಳಗೆ ನೀರಿನ ಹೊರತು ಬಾಯಿಗೆ ಹೋಗುವ ಯಾವುದೂ ಬೇಡ.

ಅಡುಗೆ ಮಾಡುವಾಗಲೂ ಪೆಟ್ಟಿಗೆಯ ಚಿಲಕ ಹಾಕಿರಿ. ‘ಈಗ ಬಂದೆ’ ಎಂದು ನೀರು ತರಲು ಹೋದ ಐದು ನಿಮಿಷ ಸಾಕು. ಊಟವಾದ ಕೂಡಲೇ ಪಾತ್ರೆ ತೊಳೆಯಿರಿ. ಅನ್ನದ ಅಗುಳು, ಕರಿಬೇವಿನ ಎಲೆಗಳನ್ನು ಜರಡಿಯಲ್ಲಿ ಸೋಸಿ ಕಸಕ್ಕೆ ಹಾಕಿ, ತೊಳೆದ ನೀರನ್ನು ಪಾರ್ಕಿನವರು ತೋರಿಸಿದ ಕಡೆಯೇ ಸುರಿಯಿರಿ. ಕುಡಿಯುವ ನೀರಿನ ನಲ್ಲಿಯಡಿ ಪಾತ್ರೆ ಉಜ್ಜಬೇಡಿ. ಅಳಿಲಿಗೆ ಕಡಲೆಕಾಯಿ ಕೊಡುವುದೂ ತಪ್ಪೇ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಅದರ ಜೀವ ನಿಮ್ಮ ಚಿಲಕದ ಮೇಲೆ ನಿಂತಿದೆ.

ಕರಡಿ ಎದುರಾದರೆ ಓಡಬೇಡಿ. ಇಬ್ಬರೂ ಪಕ್ಕಪಕ್ಕ ನಿಂತು ಕೈ ಮೇಲೆತ್ತಿ ಗಟ್ಟಿಯಾಗಿ ಕೂಗಿ, ಪಾತ್ರೆ ಬಡಿಯಿರಿ, ಅದಕ್ಕೆ ಹೋಗಲು ದಾರಿ ಬಿಡಿ. ಮರಿಗಳಿದ್ದರೆ ಮೆಲ್ಲನೆ ಹಿಂದೆ ಸರಿಯಿರಿ.

ಹಂತ 8: ಬೆಂಕಿ

ಅನುಮತಿಯಿದ್ದರೆ ಮಾತ್ರ, ಲೋಹದ ಕುಂಡದಲ್ಲಿ ಮಾತ್ರ. ಬೇಸಿಗೆಯಲ್ಲಿ ಸೌದೆ ಬೆಂಕಿಗೆ ನಿಷೇಧ ಬರುವುದು ಸಾಮಾನ್ಯ, ಆದ್ದರಿಂದ ಅಡುಗೆಯನ್ನು ಎಂದೂ ಅದರ ಮೇಲೆ ನೆಚ್ಚಬೇಡಿ.

ಬೆಂಕಿ ಹತ್ತದಿರುವುದಕ್ಕೆ ಕಾರಣ ದಪ್ಪ ಸೌದೆಗೆ ನೇರ ಕಡ್ಡಿ ಗೀರುವುದು. ಮೊದಲು ಕಾಗದ ಅಥವಾ ರಟ್ಟಿನ ಚೂರು, ಮೇಲೆ ಬೆರಳಿನ ದಪ್ಪದ ಸೀಳುಗಳು, ಅವು ಚೆನ್ನಾಗಿ ಉರಿದ ಮೇಲೆ ಮುಂಗೈ ದಪ್ಪದ್ದು. ಗಾಳಿ ಆಡಲು ನಡುವೆ ಸಂದು ಬಿಡಿ. ಸೌದೆಯಿಂದ ಬಿಳಿ ಹೊಗೆ ದಟ್ಟವಾಗಿ ಬಂದು ತುದಿಯಲ್ಲಿ ನೊರೆ ಕಂಡರೆ ಅದು ಹಸಿ. ನೈಲಾನ್ ಜಾಕೆಟ್ ಒಂದು ಕಿಡಿಗೆ ತೂತಾಗುತ್ತದೆ, ಬೆಂಕಿಯ ಮುಂದೆ ಹತ್ತಿ ಅಥವಾ ಉಣ್ಣೆ ಇರಲಿ. ದುಪಟ್ಟಾ ಒಳಗಿಟ್ಟು ಬನ್ನಿ.

ಮಲಗುವುದಕ್ಕೆ ಒಂದು ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿ. ಆಮೇಲೆ ಒಂದು ಬಕೆಟ್ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ. ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದಾಗ ಶಾಖ ತಾಗಿದರೆ ಇನ್ನೂ ಆರಿಲ್ಲ. ಮಣ್ಣು ಮುಚ್ಚಿ ಹೋಗಬೇಡಿ, ಕೆಳಗೆ ಕೆಂಡ ಬೆಳಗಿನವರೆಗೂ ಬದುಕಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ.

ಹಂತ 9: ರಾತ್ರಿ ಬೆಚ್ಚಗಿರುವುದು

ದಿನವಿಡೀ ತೊಟ್ಟ ಬಟ್ಟೆಯಲ್ಲಿ ಬೆವರಿನ ತೇವ ಇರುತ್ತದೆ. ಮಲಗುವ ಮೊದಲು ಒಳಬಟ್ಟೆಯಿಂದ ಹಿಡಿದು ಕಾಲುಚೀಲದವರೆಗೆ ಒಣಗಿದ್ದನ್ನು ಹಾಕಿಕೊಳ್ಳಿ. ತಲೆಗೆ ಉಣ್ಣೆಯ ಟೋಪಿ. ಚಳಿ ಹತ್ತುವ ಮೊದಲೇ ಬ್ಯಾಗಿನೊಳಗೆ ಸೇರಿ, ಅದು ನಿಮ್ಮ ಶಾಖವನ್ನು ಹಿಡಿದಿಡುತ್ತದೆಯೇ ಹೊರತು ತಾನಾಗಿ ಶಾಖ ಕೊಡದು. ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲ ತೊಡಿಸಿ ಪಾದದ ಬಳಿ ಇಟ್ಟುಕೊಂಡರೆ ನಡುರಾತ್ರಿಯವರೆಗೆ ಹಿತವಾಗಿರುತ್ತದೆ.

ಚಳಿಯೆಂದು ಟೆಂಟಿನ ಗಾಳಿಕಿಂಡಿಗಳನ್ನು ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಇಬ್ಬರ ಉಸಿರಿನ ಆವಿ ಒಳಗೋಡೆಯ ಮೇಲೆ ಹನಿಗಟ್ಟಿ ಬ್ಯಾಗುಗಳನ್ನು ನೆನೆಸುತ್ತದೆ, ಒದ್ದೆ ಬ್ಯಾಗಿನಲ್ಲಿ ಚಳಿ ಇಮ್ಮಡಿ. ಕಿಂಡಿ ತೆರೆದೇ ಇರಲಿ.

ಎಂತಹ ಚಳಿಯಲ್ಲೂ ಒಲೆ, ಇದ್ದಿಲು, ಅನಿಲದ ಹೀಟರನ್ನು ಟೆಂಟಿನೊಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಒಬ್ಬರನ್ನೊಬ್ಬರು ಗಮನಿಸುತ್ತಿರಿ. ಬಿಡದೆ ನಡುಕ, ಜಿಪ್ ಎಳೆಯಲಾಗದ ಬೆರಳು, ತೊದಲುವ ಮಾತು ಕಂಡರೆ ದೇಹದ ಶಾಖ ಇಳಿಯುತ್ತಿದೆ ಎಂದರ್ಥ. ಒದ್ದೆ ಬಟ್ಟೆ ಬದಲಿಸಿ, ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿ, ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಮಂಪರು ಹೆಚ್ಚಿದರೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಸಿಗ್ನಲ್ ಸಿಗದಿದ್ದರೆ ಪಕ್ಕದ ಶಿಬಿರದವರನ್ನು ಎಬ್ಬಿಸಿ, ಕಾರಿನಲ್ಲಿ ಆರ್ನಾಲ್ಡಿನ ಕಡೆ ಹೊರಡಿ.

ಹಂತ 10: ನಡುವಿನ ಎರಡು ದಿನ

ಶನಿವಾರ ನಾರ್ತ್ ಗ್ರೋವ್ ಕಾಲುದಾರಿಯ ಸುತ್ತು, ಒಂದೂವರೆ ಮೈಲಿಯಷ್ಟು, ಸಮತಟ್ಟು. ಭಾನುವಾರ ದಾರಿ ತೆರೆದಿದ್ದರೆ ಸೌತ್ ಗ್ರೋವ್ ಕಾಲುದಾರಿ, ಸುಮಾರು ಐದು ಮೈಲಿ. ತಲಾ ಎರಡು ಲೀಟರ್ ನೀರು ಒಯ್ಯಿರಿ. ಸಿಕ್ವೋಯದ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ, ಫೋಟೋಗೆಂದು ಬುಡ ತುಳಿಯಬೇಡಿ. ಸ್ಟ್ಯಾನಿಸ್ಲಾಸ್ ನದಿ ಮೇ ತಿಂಗಳಲ್ಲಿ ಹಿಮ ಕರಗಿದ ನೀರಿನಿಂದ ರಭಸವಾಗಿರುತ್ತದೆ. ದಡದಲ್ಲಿ ಕುಳಿತು ನೋಡಿ, ಇಳಿಯಬೇಡಿ. ಬಿಡಾರ ಬಿಡುವ ಮುನ್ನ ಪ್ರತಿ ಸಲವೂ ಪೆಟ್ಟಿಗೆಯ ಚಿಲಕ, ಬೆಂಕಿಯ ಬೂದಿ, ಎರಡನ್ನೂ ಮುಟ್ಟಿ ನೋಡಿ ಹೊರಡಿ.

ಹಂತ 11: ಬಿಡಾರ ಎತ್ತುವುದು

ಮಧ್ಯಾಹ್ನ 12ಕ್ಕೆ ಜಾಗ ಖಾಲಿಯಾಗಬೇಕು. ಎದ್ದ ಕೂಡಲೇ ಮಳೆಹೊದಿಕೆ ಬಿಚ್ಚಿ ಬಿಸಿಲಿಗೆ ಹರಡಿ, ತಿಂಡಿ ಮುಗಿಯುವಷ್ಟರಲ್ಲಿ ಅದು ಒಣಗುತ್ತದೆ. ಹಾಸಿಗೆ ಮೊದಲು, ಅಡುಗೆ ಸಾಮಾನು ನಂತರ, ಟೆಂಟ್ ಕೊನೆಗೆ. ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕಿ. ಪೆಟ್ಟಿಗೆಯನ್ನು ಒರೆಸಿ, ಒಳಮೂಲೆಗೆ ಕೈಹಾಕಿ ನೋಡಿ, ಎಣ್ಣೆ ಬಾಟಲಿ ಉಳಿಯುವುದು ಅಲ್ಲೇ.

ಮನೆ ತಲುಪಿದ ಸಂಜೆಯೇ ಟೆಂಟನ್ನು ಮತ್ತೊಮ್ಮೆ ಬಿಡಿಸಿ ಬಾಲ್ಕನಿಯಲ್ಲಿ ನೇತುಹಾಕಿ, ಸ್ಲೀಪಿಂಗ್ ಬ್ಯಾಗುಗಳನ್ನು ಒತ್ತದೆ ಕಪಾಟಿನಲ್ಲಿ ಸಡಿಲವಾಗಿಡಿ. ತೇವದೊಡನೆ ಮಡಚಿಟ್ಟ ಟೆಂಟಿಗೆ ಬೂಷ್ಟು ಹಿಡಿದು, ಅದರ ನೀರು ತಡೆಯುವ ಲೇಪ ಮುಂದಿನ ಪ್ರವಾಸದ ಹೊತ್ತಿಗೆ ಕಿತ್ತುಬರುತ್ತದೆ.